ನಮ್ಮ ತಿರುವಿನಲ್ಲಿ ಗಾಡಿ ಎಣಿಸಿದವರು

ಊರಿನವರು ನನಗೆ ‘ಸಂಶಯದ ಬ್ಯಾರಿ’ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹೇಳುತ್ತಿರಲಿಲ್ಲ. ಹಿಂದಿನಿಂದ ಏನೋ ಒಂದು ಹೆಸರು ಇಟ್ಟಿದ್ದಾರೆ ಎಂಬ ಸಂಶಯ ನನಗೆ ಮೊದಲೇ ಇತ್ತು, ಆಮೇಲೆ ಅದು ಹೌದೆಂದೂ ಗೊತ್ತಾಯಿತು. ಬೆಲ್ಲದ ಡಬ್ಬದ ತಳದಲ್ಲಿ ಮಣ್ಣು ಇರುತ್ತದೆ ಎಂದು ಸಂಶಯ ಪಟ್ಟೆ, ಇತ್ತು. ಹೊಸ ಕಂಪನಿಯ ಸಾಬೂನು ಹಿಡಿದುಕೊಂಡು ಟೈ ಕಟ್ಟಿ ಬಂದವನು ಇನ್ನೊಮ್ಮೆ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ, ಹಾಕಲಿಲ್ಲ. ಹಾಗಾಗಿ ನನ್ನ ಸ್ವಭಾವದ ಬಗ್ಗೆ ನನಗೆ ನಾಚಿಕೆ ಏನೂ ಇಲ್ಲ.

ನನ್ನ ಜಿನಸಿನ ಅಂಗಡಿ ಇದ್ದದ್ದು ಪುಂಜಾಲಕಟ್ಟೆಯಿಂದ ಮಡಂತ್ಯಾರಿಗೆ ಹೋಗುವ ರಸ್ತೆಯ ಬದಿಗೆ, ಒಂದು ದೊಡ್ಡ ತಿರುವಿನ ಬಾಯಿಯಲ್ಲಿ. ಮಂಗಳೂರಿನ ಕಡೆಯಿಂದ ನೆಟ್ಟಗೆ ಬಂದ ರಸ್ತೆ ನನ್ನ ಅಂಗಡಿ ಕಂಡದ್ದೇ ತಡ, ಥಟ್ಟನೆ ಎಡಕ್ಕೆ ತಿರುಗಿಬಿಡುತ್ತದೆ. ತಿರುವಿನ ಒಳಬದಿಯಲ್ಲಿ ಆಳೆತ್ತರಕ್ಕಿಂತ ಹೆಚ್ಚಿನ ಕೆಂಪು ಮಣ್ಣಿನ ಗೋಡೆ. ಗುಡ್ಡ ಕಡಿದು ರಸ್ತೆ ಮಾಡಿದಾಗ ಹೀಗೆ ಉಳಿಯುವ ಗೋಡೆಗೆ ನಮ್ಮಲ್ಲಿ ಬರೆ ಎನ್ನುತ್ತಾರೆ. ಬರೆಯ ಮೇಲೆ ನನ್ನ ಮನೆ, ಮನೆಯ ಎದುರು ಗೇರು ಮರಗಳು. ಬರೆಯ ಮೂತಿ ರಸ್ತೆಗೆ ಚಾಚಿಕೊಂಡು ನಿಂತಿದ್ದರಿಂದ ಈಚೆ ಬರುವವನಿಗೆ ಆಚೆಯದ್ದು ಕಾಣುತ್ತಿರಲಿಲ್ಲ, ಆಚೆಯವನಿಗೆ ಈಚೆಯದ್ದು. ಹಾರನ್ ಹೊಡೆದು ತಿರುಗಿಸುವುದು ಕ್ರಮ. ಇಬ್ಬರೂ ಒಟ್ಟಿಗೆ ಹೊಡೆದರೆ ಇಬ್ಬರಿಗೂ ಕೇಳುವುದು ತಮ್ಮ ತಮ್ಮ ಹಾರನ್ ಮಾತ್ರ. ಹಿಂದಿನ ಬಸ್ಸಿಗಿಂತ ಮೊದಲು ಮಡಂತ್ಯಾರಿನ ಜನರನ್ನು ಎತ್ತಿಕೊಳ್ಳಬೇಕೆಂದು ನುಗ್ಗುವ ಪ್ರೈವೇಟ್ ಬಸ್ಸಿನ ಡ್ರೈವರುಗಳಿಗೆ ಬೇರೆ ಏನಾದರೂ ಕೇಳುತ್ತಿತ್ತು ಎಂದು ನಾನು ನಂಬುವುದಿಲ್ಲ.

ತಿರುವಿನ ಆಚೆ ತುದಿಯಲ್ಲಿ, ರಸ್ತೆಯ ಎದುರು ಬದಿಗೆ, ಅಂಗನವಾಡಿ. ನನ್ನ ಹೆಂಡತಿ ಅಲ್ಲಿ ಟೀಚರ್. ಮಕ್ಕಳೆಲ್ಲ ನಮ್ಮ ಬದಿಯ ಗುಡ್ಡೆಯ ಕಾಲನಿಯವರು. ಗುಡ್ಡೆಯ ಕಾಲುದಾರಿ ಇಳಿದು ರಸ್ತೆ ಸೇರುವುದು ಸರಿಯಾಗಿ ಬರೆಯ ಆಚೆ. ಎದುರು ಬದಿಯ ಉದ್ದಕ್ಕೂ ತೋಡು ಹರಿಯುತ್ತದೆ, ಅದನ್ನು ದಾಟಲು ಒಂದು ಮೋರಿ ಇರುವುದೂ ಅಲ್ಲಿಯೇ. ಹಾಗಾಗಿ ಬೇರೆ ಕಡೆ ದಾಟುವ ಮಾತೇ ಇಲ್ಲ. ಬೆಳಿಗ್ಗೆ ಆ ಪುಟ್ಟ ಮಕ್ಕಳನ್ನು ಕಾಲುದಾರಿಯ ಬುಡದಲ್ಲಿ ಸೇರಿಸಿ ಆಚೆ ದಾಟಿಸುವುದು, ಮಧ್ಯಾಹ್ನ ತಿರುಗಿ ಈಚೆ ದಾಟಿಸುವುದು ಅವಳ ಕೆಲಸ. ಅಂಗಡಿಯಲ್ಲಿ ಕೂತ ನನಗೆ ಅದು ಕೇಳುತ್ತಿತ್ತು ಅಷ್ಟೆ. “ಕೈ ಹಿಡ್ಕೊಳ್ಳಿ, ಕೈ ಬಿಡ್ಬೇಡಿ” ಎಂಬ ಅವಳ ಸ್ವರ, ಮಕ್ಕಳ ಕಲಕಲ, ಆಮೇಲೆ ಸದ್ದಿಲ್ಲ. ಸದ್ದಿಲ್ಲ ಎಂದರೆ ದಾಟಿ ಆಯಿತು ಎಂದು ಅರ್ಥ.

ಒಂದು ಸಲ ಹಾಗೆ ಆಗಲಿಲ್ಲ. ಮಕ್ಕಳು ದಾಟಿದ್ದರು, ಕೊನೆಗೆ ಇವಳು ಹೋಗುವಾಗ ಬಸ್ಸಿನ ಬದಿ ತಾಗಿ ಬಲ ಭುಜದ ಮೂಳೆ ಬಿರುಕು ಬಿಟ್ಟಿತು. ಬಸ್ಸು ನಿಲ್ಲಿಸದೆ ಹೋಯಿತು. ಮೂಳೆ ಕೂಡಿತು, ಆದರೆ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಕೆಲಸ ಬಿಡು ಎಂದೆ. “ನಾನು ಬಿಟ್ಟರೆ ಮಕ್ಕಳನ್ನು ಯಾರು ದಾಟಿಸ್ತಾರೆ, ನೀವು ಅಂಗಡಿ ಬಿಟ್ಟು ಬರ್ತೀರಾ?” ಎಂದಳು. ಮನೆಯಲ್ಲಿ ನಮ್ಮ ಮಾತೆಲ್ಲ ಬ್ಯಾರಿ ಭಾಷೆಯಲ್ಲಿ, ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಬ್ಯಾರಿ ಭಾಷೆಯಲ್ಲಿ ಅದು ಇನ್ನೂ ಚುರುಕಾಗಿತ್ತು. ಅಂದಿನಿಂದ ಅವಳಿಗೆ ಒಂದೇ ಆಸೆ: ಈ ತಿರುವು ಸರಿಯಾಗಬೇಕು. ಅರ್ಜಿ ಕೊಟ್ಟಳು, ಪಂಚಾಯಿತಿಗೆ ಹೋದಳು, ಯಾರು ಏನು ಹೇಳಿದರೂ ನಂಬಿದಳು. ಆಗುತ್ತದೆ ಎಂದು ಒಬ್ಬ ಮೆಂಬರ್ ಹೇಳಿದರೆ ಮೂರು ದಿನ ಖುಷಿಯಲ್ಲಿರುತ್ತಿದ್ದಳು. ಇಷ್ಟು ಬೇಗ ನಂಬುವವಳು ನನಗೆ ಹೇಗೆ ಗಂಟು ಬಿದ್ದಳೋ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಬೆಳಿಗ್ಗೆ ಅಂಗಡಿ ತೆರೆಯಲು ಇಳಿದು ಬಂದರೆ ರಸ್ತೆಯ ಬದಿಯಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಮೇಲೊಂದು ಟಾರ್ಪಾಲು. ಇಬ್ಬರು ಹುಡುಗರು ಕೂತು ಕಾಗದದ ಮೇಲೆ ಗೀಟು ಎಳೆಯುತ್ತಿದ್ದರು. ಒಂದು ಬೈಕು ಹೋಯಿತು, ಒಂದು ಗೀಟು. ಬಸ್ಸು ಹೋಯಿತು, ಇನ್ನೊಂದು ಕಡೆ ಗೀಟು. ನನ್ನ ಕಿವಿ ನೆಟ್ಟಗಾಯಿತು.

“ಎಂತ ಇದು?” ಎಂದು ಕೇಳಿದೆ.

“ಟ್ರಾಫಿಕ್ ಸರ್ವೇರಿ. ನಾವು ಮೂಡುಬಿದಿರ್ಯಾಗ ಕಾಲೇಜು ಓದ್ತೀವ್ರಿ. ರಜಾ ಇತ್ತು, ಕೆಲಸಕ್ಕ ಬಂದೀವಿ.”

“ಗಾಡಿ ಎಣಿಸಿ ಎಂತ ಮಾಡ್ತಾರೆ?”

“ಅದು ನಮಗೂ ಗೊತ್ತಿಲ್ರಿ. ಎಣಸ್ರಿ ಅಂದಾರ, ಎಣಸ್ತೀವಿ.”

ಬಿಜಾಪುರದ ಕಡೆಯ ಮಕ್ಕಳು, ನಗುಮುಖದವರು, ಸುಳ್ಳು ಹೇಳುವ ಹಾಗೆ ಕಾಣಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಯಾಕೆ ಎಂದು ಗೊತ್ತಿಲ್ಲದವರನ್ನು ಕೂರಿಸಿ ಲೆಕ್ಕ ತೆಗೆಸುವವನು ಎಷ್ಟು ಜಾಣ ಇರಬೇಕು! ನನ್ನ ಬಾಪನ ಕಾಲದಲ್ಲಿ ಇದೇ ರಸ್ತೆಗೆ ಮೊದಲ ಸಲ ಡಾಂಬರು ಬಿದ್ದಾಗ, ಒಬ್ಬ ನಗುಮುಖದವನು ಚೈನು ಹಿಡಿದು ಬಂದು, ಸುಮ್ಮನೆ ಅಳತೆ ಅಷ್ಟೆ ಎಂದು ಹೇಳಿ, ನಮ್ಮ ಅಂಗಳದಲ್ಲಿ ಚಾ ಕುಡಿದು ಹೋಗಿದ್ದನಂತೆ. ಮುಂದಿನ ವರ್ಷ ಆ ಅಂಗಳವೇ ರಸ್ತೆಯಾಗಿತ್ತು. ಪರಿಹಾರ ಬರುತ್ತದೆ ಎಂದು ಬಾಪ ಸಾಯುವವರೆಗೆ ಕಾದರು. ಗೇರು ಮರಗಳ ಆಚೆ ಈಚೆ ಅವರೇ ನಿಲ್ಲಿಸಿದ ಗಡಿಕಲ್ಲುಗಳನ್ನು ನಾನು ವರ್ಷಕ್ಕೊಮ್ಮೆ ಹೋಗಿ ಮುಟ್ಟಿ ನೋಡಿ ಬರುತ್ತಿದ್ದೆ.

ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ ಹೋಗಿತ್ತು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತರ. ಟೋಲ್ ಹಾಕುತ್ತಾರಂತೆ. ಕೆಂಪು ಕಲ್ಲಿನ ಲಾರಿಗಳ ಲೋಡು ಹಿಡಿಯುತ್ತಾರಂತೆ. ಹೊಸ ಬಸ್ಸಿಗೆ ಪರ್ಮಿಟ್ ಬೇಕೆಂದು ಯಾರೋ ಮಾಲೀಕ ಕಳಿಸಿದ ಗೂಢಚಾರರಂತೆ. ಎಲ್ಲಕ್ಕಿಂತ ಹೆಚ್ಚು ಗಡಗಡ ನಡುಗಿದ್ದು ಸರ್ವಿಸ್ ಜೀಪಿನವರು. ಆ ಕಾಲದಲ್ಲಿ ಬಸ್ಸು ಸಿಗದ ಹೊತ್ತಿಗೆ ಜನರನ್ನು ತುಂಬಿಸಿಕೊಂಡು ಹೋಗುವ ಜೀಪುಗಳು ನಮ್ಮಲ್ಲಿ ಬೇಕಾದಷ್ಟು ಇದ್ದವು. ಒಳಗೆ ಕೂತವರಿಗಿಂತ ಹಿಂದೆ ನೇತಾಡುವವರೇ ಹೆಚ್ಚು, ಪರ್ಮಿಟ್ ಮಾತ್ರ ಯಾರಿಗೂ ಇಲ್ಲ. ನನ್ನ ಹೆಂಡತಿಯ ತಮ್ಮನೂ ಅಂಥದ್ದೇ ಒಂದು ಜೀಪು ಓಡಿಸುತ್ತಿದ್ದ. ದುಬೈಯಲ್ಲಿ ನಾಲ್ಕು ವರ್ಷ ಇದ್ದು, ಸೆಕೆ ತಡೆಯಲಾಗದೆ ವಾಪಸ್ ಬಂದು ಜೀಪು ತೆಗೆದಿದ್ದ.

ಅವನು ಓಡುತ್ತಾ ಬಂದ. “ಭಾವ, ಇವರು ಪರ್ಮಿಟ್ ಹಿಡಿಯುವ ಬ್ರೇಕ್ ಇನ್ಸ್‌ಪೆಕ್ಟರ್‌ನ ಜನ ಮಾರಾಯ್ರೆ. ನನ್ನ ಜೀಪಿಗೂ ಒಂದು ಗೀಟು ಹಾಕಿದ್ರು, ನಾನೇ ಕಂಡೆ.”

ನಮ್ಮ ರಸ್ತೆಯಲ್ಲಿ ಒಂದು ಕ್ರಮ ಉಂಟು. ಎದುರಿನಿಂದ ಬರುವವನು ಹಾಡುಹಗಲು ಹೆಡ್‌ಲೈಟ್ ಎರಡು ಸಲ ಮಿನುಗಿಸಿದರೆ, ಮುಂದೆ ಚೆಕ್ಕಿಂಗ್ ಉಂಟು ಎಂದು ಅರ್ಥ. ಹಗೆಯವನೂ ಹಗೆಯವನಿಗೆ ಈ ಉಪಕಾರ ಮಾಡುತ್ತಾನೆ. ಅಂದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಲೈಟು ಮಿನುಗಿದ್ದೇ ಮಿನುಗಿದ್ದು. ಮಾರನೆಯ ದಿನ ಜೀಪುಗಳು ಮಾಯ. ಕಲ್ಲಿನ ಲಾರಿ, ಮರಳಿನ ಲಾರಿಗಳು ಗುಡ್ಡೆಯ ಒಳದಾರಿ ಹಿಡಿದವು. ರಿಕ್ಷಾದವರೂ ಯಾಕೆ ಬೇಕು ಗಲಾಟೆ ಎಂದು ಸುತ್ತಿ ಹೋಗತೊಡಗಿದರು. ಬಸ್ಸುಗಳು ಮಾತ್ರ ಬಂದವು, ಅವೂ ಮದುಮಗಳ ಹಾಗೆ ಮೆಲ್ಲಗೆ. ಟಾರ್ಪಾಲಿನ ಕೆಳಗೆ ಹುಡುಗರು ಆಕಳಿಸಿದರು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಯನ್ನೂ ಮಾಡಿದರು.

ಆ ದಿನಗಳಲ್ಲಿ ಊರಿನಲ್ಲಿ ಸುಖವಾಗಿದ್ದವಳು ನನ್ನ ಹೆಂಡತಿ ಒಬ್ಬಳೇ. “ಈ ಮಕ್ಕಳು ಯಾವಾಗಲೂ ಇಲ್ಲಿಯೇ ಕೂತಿದ್ದರೆ ಎಷ್ಟು ಒಳ್ಳೇದಿತ್ತು, ನಿಂತು ಕಾಯುವುದೇ ಬೇಡ,” ಎಂದು ಅವರಿಗೆ ಅಂಗನವಾಡಿಯಿಂದ ಉಪ್ಪಿಟ್ಟು ಕೊಟ್ಟಳು. ಲೆಕ್ಕ ಮುಗಿಸಿ ಅವರು ಹೊರಟ ಸಾಯಂಕಾಲ ಎಲ್ಲ ಜೀಪುಗಳೂ ಒಟ್ಟಿಗೆ ರಸ್ತೆಗೆ ಬಂದು ಬಿದ್ದವು.

ಮುಂದಿನ ವರ್ಷ ಬೇರೆ ಕಡೆಯ ರಸ್ತೆಗಳ ತಿರುವು ತೆಗೆದರು, ಅಗಲ ಮಾಡಿದರು. ನಮ್ಮ ತಿರುವಿಗೆ ಬಂದದ್ದು ‘ನಿಧಾನವಾಗಿ ಚಲಿಸಿ’ ಎಂಬ ಒಂದು ಬೋರ್ಡು, ಅದರ ಮೇಲೆ ಓಡುವ ಇಬ್ಬರು ಮಕ್ಕಳ ಚಿತ್ರ. ಬೆಳ್ತಂಗಡಿಯಲ್ಲಿ ಯಾವುದೋ ಮೀಟಿಂಗಿಗೆ ಹೋಗಿದ್ದ ಹೆಂಡತಿ ಅಲ್ಲಿಗೆ ಬಂದಿದ್ದ ಇಲಾಖೆಯವರೊಬ್ಬರನ್ನು ಕೇಳಿಯೇ ಬಿಟ್ಟಳಂತೆ. ಅವರು ಕಡತ ನೋಡಿದವರ ಧೈರ್ಯದಲ್ಲಿ ಹೇಳಿದರಂತೆ, “ಅಲ್ಲಮ್ಮ, ನಿಮ್ಮ ರಸ್ತೆಯಲ್ಲಿ ಗಾಡಿಯೇ ಇಲ್ಲವಲ್ಲ. ಬಸ್ಸು ಬಿಟ್ಟರೆ ಖಾಲಿ.”

ಮನೆಗೆ ಬಂದವಳು ಬುರ್ಖಾ ಕೂಡ ತೆಗೆಯದೆ ತಮ್ಮನನ್ನು ಕರೆಸಿದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. “ನಿಮ್ಮನ್ನು ಹಿಡಿಯಲಿಕ್ಕೆ ಬಂದದ್ದಲ್ಲ ಅವರು. ನಮ್ಮ ರಸ್ತೆ ಅಗಲ ಆಗಬೇಕಾ ಬೇಡವಾ ಎಂದು ನೋಡಲಿಕ್ಕೆ ಬಂದದ್ದು. ನೀನು ಅಡಗಿ ಕೂತೆಯಲ್ಲ, ನನ್ನ ತಿರುವು ಹೋಯಿತು.” ಇಲಾಖೆಯವರು ಹೇಳಿದ್ದು ನಿಜವೆಂದು ಏನು ಗ್ಯಾರಂಟಿ ಎಂದು ನಾನು ಕೇಳಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ ಅವಳು.

ವರ್ಷಗಳು ಹೋದವು. ಎರಡು ಸಾವಿರ ಇಸವಿ ದಾಟಿದ ಮೇಲೆ ರಸ್ತೆಯಲ್ಲಿ ಗಾಡಿಗಳು ಎಷ್ಟು ಹೆಚ್ಚಾದವೆಂದರೆ ಇವಳು ಮಕ್ಕಳೊಂದಿಗೆ ಕಾಲುದಾರಿಯ ಬುಡದಲ್ಲಿ ನಿಲ್ಲುವ ಹೊತ್ತು ಉದ್ದವಾಗುತ್ತಾ ಹೋಯಿತು. ಆ ಕಡೆಯಿಂದ ಅವಳ ಸ್ವರ, ಮಕ್ಕಳ ಅಳು, ಹಾರನ್ನು ಎಲ್ಲ ಒಟ್ಟಿಗೆ ಕೇಳುತ್ತಿತ್ತು. ಆಗ ಬಂತು ಎರಡನೆಯ ಲೆಕ್ಕ. ಈ ಸಲ ಮೇಜಿಲ್ಲ, ಹುಡುಗರಿಲ್ಲ. ಧಾರವಾಡದ ಕಡೆಯ ಒಬ್ಬ ಎಂಜಿನಿಯರ್ ಬಂದು, ನನ್ನ ಅಂಗಡಿಯ ಎದುರಿಗೇ ರಸ್ತೆಗೆ ಅಡ್ಡವಾಗಿ ಒಂದು ಕಪ್ಪು ರಬ್ಬರ್ ಕೊಳವೆ ಹಾಸಿ ಮೊಳೆ ಹೊಡೆಸಿದ. ಅದರ ಒಂದು ತುದಿ ಕರೆಂಟು ಕಂಬಕ್ಕೆ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯ ಒಳಗೆ. ಚಕ್ರ ಹತ್ತಿದ ಕೂಡಲೇ ಕೊಳವೆಯ ಗಾಳಿ ಒತ್ತಿ ಪೆಟ್ಟಿಗೆ ತಾನೇ ಎಣಿಸಿಕೊಳ್ಳುತ್ತದಂತೆ, ಹಗಲು ರಾತ್ರಿ, ನಿದ್ದೆ ಇಲ್ಲದೆ.

ಎಂಜಿನಿಯರ್ ಒಳ್ಳೆಯ ಮಾತುಗಾರ. ಶರಬತ್ತು ಕುಡಿಯುತ್ತಾ ಹೇಳಿದ, “ಎಲ್ಲಾ ರಸ್ತೆ ಅಗಲ ಮಾಡಾಕ ಜಲ್ಲಿ, ಡಾಂಬರು ಎಲ್ಲಿಂದ ತರೂದ್ರಿ? ಯಾವ ಗುಡ್ಡ ಅಂತ ಒಡಿಯೂದು? ಎಲ್ಲಿ ನಿಜವಾಗ್ಲೂ ಬೇಕೋ ಅಲ್ಲಿ ಅಷ್ಟ ಮಾಡಬೇಕು. ಅದಕ್ಕ ಈ ಮಷೀನು.”

ಕೇಳಲು ಚೆನ್ನಾಗಿತ್ತು. ಆದರೆ ಕಡಿಮೆಯಲ್ಲಿ ಮುಗಿಸುತ್ತೇವೆ ಎಂದು ಸರಕಾರದ ಕಡೆಯವರು ಹೇಳಿದರೆ ನನಗೆ ಮೊದಲು ನೆನಪಾಗುವುದು ಬಾಪನ ಅಂಗಳ. ಕಡಿಮೆಯಾಗುವುದು ಯಾರದ್ದು? ಅವನು ಶರಬತ್ತು ಕುಡಿಯುವಾಗ ನನ್ನ ಬರೆಯನ್ನು ಎರಡು ಸಲ ನೋಡಿದ್ದನ್ನೂ ನಾನು ಗಮನಿಸಿದ್ದೆ.

ಭಾಮೈದನಿಗೆ ಮಾತ್ರ ಈ ಸಲ ಸಂಶಯವೇ ಬರಲಿಲ್ಲ. ಹಳೆಯ ತಪ್ಪು ಸರಿ ಮಾಡುವ ಸಂಭ್ರಮ. “ಭಾವ, ಚಕ್ರ ಹೆಚ್ಚು ಹತ್ತಿದರೆ ರಸ್ತೆ ಹೆಚ್ಚು ಅಗಲ. ಅಷ್ಟೇ ಅಲ್ವಾ? ನೋಡುವ, ಈ ಸಲ ಅಕ್ಕನಿಗೆ ತಿರುವು ತೆಗೆಸಿ ಕೊಡ್ತೇನೆ,” ಎಂದ. ಜೀಪಿನವರನ್ನೂ ರಿಕ್ಷಾದವರನ್ನೂ ಸೇರಿಸಿದ. ಮಾರನೆಯ ಬೆಳಿಗ್ಗೆಯಿಂದ ಶುರುವಾಯಿತು ಮೆರವಣಿಗೆ. ಕೊಳವೆ ದಾಟುವುದು, ತಿರುವು ಕಳೆದು ಸ್ವಲ್ಪ ಮುಂದೆ ಹೋಗಿ ತಿರುಗಿಸುವುದು, ಮತ್ತೆ ಕೊಳವೆ ದಾಟಿ ಬಂದು ನನ್ನ ಅಂಗಡಿಯ ಅಂಗಳದಲ್ಲಿ ತಿರುಗಿಸುವುದು. ಖಾಲಿ ಜೀಪುಗಳು, ಖಾಲಿ ರಿಕ್ಷಾಗಳು. ಬೈಕಿನವರೂ ಉಮೇದಿನಿಂದ ಸೇರಿಕೊಂಡರು. ನನ್ನ ಕುಚ್ಚಲಕ್ಕಿಯ ಗೋಣಿಗಳ ಮೇಲೆಲ್ಲ ಧೂಳು. ಯಾರಿಗೂ ಯಾವ ಸವಾರಿಯೂ ಇಲ್ಲ, ಎಲ್ಲರಿಗೂ ಅವಸರ. ಒಂದು ಪೆಟ್ಟಿಗೆಯನ್ನು ನಂಬಿಸಲು ಒಂದು ಊರು ಹೀಗೆ ಡೀಸೆಲ್ ಸುಟ್ಟದ್ದು ಬೇರೆಲ್ಲೂ ಇರಲಿಕ್ಕಿಲ್ಲ.

ಮಧ್ಯಾಹ್ನ ಮಕ್ಕಳನ್ನು ಬಿಡುವ ಹೊತ್ತು. ಆಚೆಯಿಂದ “ಕೈ ಹಿಡ್ಕೊಳ್ಳಿ” ಕೇಳಿತು. ಕೂಡಲೇ ಟಯರು ಉಜ್ಜಿದ ಕೂಗು. ಆಮೇಲೆ ಏನೂ ಇಲ್ಲ. ಇದು ದಾಟಿ ಆದ ಮೌನವಲ್ಲ. ನಾನು ಕೈಯಲ್ಲಿದ್ದ ಸೇರನ್ನು ಕಡಲೆಯ ಗೋಣಿಗೆ ಎಸೆದು ಓಡಿದೆ.

ಭಾಮೈದನ ಜೀಪು ಅಡ್ಡಡ್ಡ ನಿಂತಿತ್ತು. ಅದರ ಬಂಪರಿನ ಎದುರು ನನ್ನ ಹೆಂಡತಿ, ಅವಳ ಹಿಂದೆ ಸೆರಗಿಗೆ ಅಂಟಿಕೊಂಡ ಮಕ್ಕಳು. ಯಾರಿಗೂ ಏನೂ ಆಗಿರಲಿಲ್ಲ. ಅವಳು ಮಕ್ಕಳನ್ನು ಈಚೆ ದಾಟಿಸಿ ಕಾಲುದಾರಿ ಹತ್ತಿಸಿದಳು. ಭಾಮೈದ ಸ್ಟಿಯರಿಂಗ್ ಹಿಡಿದ ಕೈ ಬಿಡಲಾಗದೆ ಕೂತಿದ್ದ. “ಭಾವ, ಅಕ್ಕ ಕಾಣಲೇ ಇಲ್ಲ. ದೇವರಾಣೆ, ಕಾಣಲೇ ಇಲ್ಲ,” ಎಂದು ಅದೇ ಮಾತು ಹೇಳುತ್ತಿದ್ದ. ಜೀಪನ್ನು ಅಂಗಡಿಯ ಎದುರು ನಿಲ್ಲಿಸಿ ನಡೆದೇ ಮನೆಗೆ ಹೋದ. ಉಳಿದವರು ಮಾತ್ರ ಸಂಜೆವರೆಗೆ ಓಡಿಸುತ್ತಲೇ ಇದ್ದರು.

ಕೆಲವು ದಿನ ಬಿಟ್ಟು ಎಂಜಿನಿಯರ್ ಪೆಟ್ಟಿಗೆ ಬಿಚ್ಚಲು ಬಂದ. ಮುಖ ಹುಳ್ಳಗಿತ್ತು. ನನ್ನ ಬೆಂಚಿನ ಮೇಲೆ ಕೂತು ನನ್ನನ್ನೇ ದಿಟ್ಟಿಸಿ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ದಿನಾ ನೋಡುವುದೇ.

“ಸಾಹೇಬ್ರ, ಒಂದು ಮಾತು ಕೇಳ್ತೀನಿ. ಇಂಥಾದ್ದ ಇನ್ನೊಂದು ಕೊಳವಿ ಮಡಂತ್ಯಾರಿನ ಹತ್ರ ಹಾಕಿದ್ವಿ. ನಿಮ್ಮಲ್ಲಿ ದಾಟಿದ ಗಾಡಿ ಅರ್ಧಕ್ಕರ್ಧ ಅಲ್ಲಿಗೆ ಮುಟ್ಟೇ ಇಲ್ಲ. ನಡುವ ಎಲ್ಲಿ ಹೋದುವ್ರಿ?”

ನಾನು ತಕ್ಕಡಿ ಒರೆಸಿದೆ. ಅಂಗಡಿಯಲ್ಲಿದ್ದ ಒಬ್ಬ ರಿಕ್ಷಾದವನು ಬೀಡಿ ಹಚ್ಚುವ ನೆವದಲ್ಲಿ ಹೊರಗೆ ಜಾರಿದ. ಎಂಜಿನಿಯರ್ ದಡ್ಡನಲ್ಲ, ನನ್ನ ಅಂಗಳದಲ್ಲಿ ಚಕ್ರಗಳು ತಿರುಗಿ ಸವೆಸಿದ ಗುರುತನ್ನು ನೋಡಿದ, ನಕ್ಕ, ಆಮೇಲೆ ನಗು ನಿಲ್ಲಿಸಿದ. “ಈ ಲೆಕ್ಕ ಯಾರೂ ನಂಬಂಗಿಲ್ರಿ. ನಾನೂ ಬರ್ಯಾಕ ಬರಂಗಿಲ್ಲ. ನಿಮ್ಮ ರಸ್ತಿ ಪಟ್ಟಿಯಿಂದ ಹೋತು.”

ಅಷ್ಟರಲ್ಲಿ ಹೆಂಡತಿ ಬಂದಿದ್ದಳು. ಅಂಗನವಾಡಿಗೆ ಉಪ್ಪು ಬೇಕಾಗಿತ್ತು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅವಳು ಅಳುತ್ತಾಳೆ ಎಂದುಕೊಂಡೆ.

“ಸರ್, ಮೊದಲಿನವರು ಗಾಡಿ ಎಣಿಸಿದರು. ನೀವೂ ಗಾಡಿ ಎಣಿಸಿದ್ರಿ. ದಾಟುವವರನ್ನು ಯಾರು ಎಣಿಸ್ತಾರೆ?”

“ನಡಿಯೋರ ಲೆಕ್ಕ ಇದ್ರಾಗ ಬರಂಗಿಲ್ಲ ಟೀಚರ್,” ಎಂದ ಅವನು. ಆಮೇಲೆ ಬೆಂಚಿನಿಂದ ಎದ್ದು ತಾನೇ ಕೇಳಿದ, “ಎಲ್ಲಿ ದಾಟ್ತೀರಿ? ಮಕ್ಕಳನ್ನ ಬಿಡೂ ಹೊತ್ತಾತೇನು? ನಾನೂ ಬರ್ತೀನಿ.”

ಇಬ್ಬರೂ ಹೋದರು. ಬರೆಯ ಆಚೆ ಏನಾಯಿತೋ ನನಗೆ ಕಾಣಲಿಲ್ಲ. ಒಂದು ಬಸ್ಸಿನ ಹಾರನ್ನು, ಅವಳ ಸ್ವರ, ಇನ್ನೊಂದು ಹಾರನ್ನು. ತಿರುಗಿ ಬಂದಾಗ ಎಂಜಿನಿಯರನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಒಂದು ಮಗುವನ್ನು ಎತ್ತಿಕೊಂಡಿದ್ದವನು ಅದನ್ನು ಇಳಿಸುವುದನ್ನೇ ಮರೆತು ಅಂಗಡಿಯವರೆಗೆ ತಂದಿದ್ದ. ಅದನ್ನು ಹೆಂಡತಿಯ ಕೈಗೆ ಕೊಟ್ಟು, ಬರೆಯ ಮೂತಿಯ ಬುಡದಲ್ಲಿ ನಿಂತು, ಈಚೆ ಒಮ್ಮೆ ಆಚೆ ಒಮ್ಮೆ ನೋಡಿದ.

“ಇದು ಯಾರ ಜಾಗಾರಿ?”

ನೋಡಿ, ಬಂತಲ್ಲ! ಇಷ್ಟು ವರ್ಷ ನಾನು ಕಾಯುತ್ತಿದ್ದ ಮಾತು. “ನನ್ನದು. ವರ್ಗ ಜಾಗ, ಸರಕಾರದ್ದಲ್ಲ. ಪಟ್ಟೆ ಉಂಟು. ಯಾಕೆ?”

“ರಸ್ತೆ ಅಗಲ ಮಾಡೂದ ಬ್ಯಾಡ್ರಿ ಇಲ್ಲಿ. ಈ ಮೂತಿ ಅಷ್ಟ ಕಡದು ಇಳಿಜಾರು ಮಾಡಿದ್ರ ಡ್ರೈವರಗ ದೂರದಿಂದನ ಮಕ್ಕಳು ಕಾಣ್ತಾರ. ಜಲ್ಲಿ ಬ್ಯಾಡ, ಡಾಂಬರು ಬ್ಯಾಡ. ಇಲಾಖೆಗೆ ಬರದ್ರ ವರ್ಷಗಟ್ಟಲೆ ಆಗ್ತದ. ನೀವ ತಗಸಿದ್ರ ಮುಗದು ಹೋಗ್ತದ.”

“ಶರಬತ್ತು ಕುಡಿಯುವಾಗಲೇ ನೋಡಿದ್ದಿರಿ ನೀವು,” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಕೊಳವೆ ಸುತ್ತಿಕೊಂಡು, ಪೆಟ್ಟಿಗೆ ಹೊತ್ತುಕೊಂಡು, ಮಡಂತ್ಯಾರಿನ ಬಸ್ಸು ಹತ್ತಿ ಹೋದ.

ಹೆಂಡತಿ ಏನಾದರೂ ಕೇಳುತ್ತಾಳೆ, ನಾನು ಜಗಳ ಮಾಡಬಹುದು ಎಂದು ಕಾದೆ. ಅವಳು ಬಾಯಿ ತೆರೆಯಲಿಲ್ಲ. ಬಡಿಸಿದಳು, ಪಾತ್ರೆ ತೊಳೆದಳು, ನಮಾಜು ಮಾಡಿದಳು. ಇದೂ ನನಗೆ ಸಂಶಯಕ್ಕೆ ಕಾರಣವಾಯಿತು. ಇವರಿಬ್ಬರೂ ಆಚೆ ಹೋದಾಗ ಮಾತಾಡಿಕೊಂಡೇ ಬಂದಿರಬಹುದೇ? ತಮ್ಮನ ಜೀಪು, ಉಪ್ಪಿನ ನೆವ, ಎಂಜಿನಿಯರನ ಬೆವರು, ಎಲ್ಲ ಒಂದೇ ಕಡೆಗೆ ಬಂದು ನಿಲ್ಲುತ್ತದಲ್ಲ! ಇವತ್ತಿಗೂ ನನಗೆ ಪೂರ್ತಿ ಸಮಾಧಾನ ಇಲ್ಲ.

ಕೊನೆಗೆ ನಾನು ಬರೆಯ ಮೂತಿ ತೆಗೆಸಿದ್ದು ಯಾಕೆಂದು ಸತ್ಯ ಹೇಳುತ್ತೇನೆ, ಯಾರೂ ನನ್ನನ್ನು ಪುಣ್ಯವಂತ ಎಂದು ತಿಳಿಯುವುದು ಬೇಡ. ಅವನು ಹೋಗಿ ಮೇಲಿನವರ ಹತ್ತಿರ ಬಾಯಿ ಬಿಟ್ಟರೆ, ಮೂತಿ ಕೇಳಿದವರು ಪೂರ್ತಿ ಬರೆಯನ್ನೇ ಕೇಳುತ್ತಾರೆ ಎಂದು ನನಗೆ ಖಾತ್ರಿಯಿತ್ತು. ನಾನೇ ಮೂತಿ ಕಡಿಸಿಬಿಟ್ಟರೆ ಯಾವ ಆಫೀಸರಿಗೂ ಚೈನು ಹಿಡಿದು ನನ್ನ ಗೇರು ಮರಗಳ ಹತ್ತಿರ ಬರುವ ಕಾರಣವೇ ಇರುವುದಿಲ್ಲ. ಹೀಗೆ ಲೆಕ್ಕ ಹಾಕಿ ಜೆಸಿಬಿ ತರಿಸಿದೆ. ರಸ್ತೆಯ ಕಡೆಯ ಎರಡು ಗೇರು ಮರ ಹೋದವು. ಮಣ್ಣು ಮಸೀದಿಯ ಅಂಗಳ ಎತ್ತರಿಸಲು ಹೋಯಿತು.

ಊರಿನವರು ಬಂದು ನೋಡಿ ಹೋದರು. ಬ್ಯಾರಿ ಪೆಟ್ರೋಲ್ ಪಂಪು ಹಾಕುತ್ತಾನೆ ಎಂದರು. ಗಲ್ಫಿನ ಯಾರದೋ ಹೋಟೆಲಿಗೆ ಜಾಗ ಮಾಡಿದ್ದಾನೆ ಎಂದರು. ಮಕ್ಕಳು ಕಾಣಲಿ ಎಂದು ತೆಗೆಸಿದೆ ಎಂದರೆ ಒಬ್ಬನೂ ನಂಬಲಿಲ್ಲ, ಕಣ್ಣು ಸಣ್ಣ ಮಾಡಿ ನಕ್ಕರು. ಸಂಶಯದವನ ಊರಿನಲ್ಲಿ ಸಂಶಯ ಎಲ್ಲರಿಗೂ ಅಂಟಿತ್ತೋ, ಊರಿನಿಂದ ನನಗೆ ಅಂಟಿತ್ತೋ ತಿಳಿಯದು.

ಕೆಲಸ ಮುಗಿದ ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಕೂತಿದ್ದೆ. ಒಬ್ಬಾಕೆಗೆ ಸಕ್ಕರೆ ತೂಗುತ್ತಿದ್ದೆ. “ಕೈ ಹಿಡ್ಕೊಳ್ಳಿ” ಎಂಬ ಸ್ವರ ಕೇಳಿ ತಲೆ ಎತ್ತಿದರೆ, ಕೆಂಪು ಗೋಡೆ ಇದ್ದಲ್ಲಿ ರಸ್ತೆ ಕಂಡಿತು, ರಸ್ತೆಯಲ್ಲಿ ಅವಳು ಕಂಡಳು.

ಅವಳು ನಡೆಯುತ್ತಿರಲಿಲ್ಲ. ರಸ್ತೆಯ ನಡುವಿನಲ್ಲಿ ನಿಂತಿದ್ದಳು. ಎಡಗೈ ಎತ್ತಿ, ಅಂಗೈ ಬಿಡಿಸಿ, ಬರುವ ಗಾಡಿಗೆ ಎದುರಾಗಿ. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಅವಳ ಬೆನ್ನಿನ ಹಿಂದಿನಿಂದ ಹೋಗುತ್ತಿದ್ದರು. ಒಬ್ಬ ಹುಡುಗಿಯ ಚಪ್ಪಲಿ ಕಳಚಿತು, ಆ ಹುಡುಗಿ ಬಗ್ಗಿದಳು, ಸಾಲು ನಿಂತಿತು. ದೂರದಿಂದ ಬಂದ ಬಸ್ಸು ಈಗ ಮಕ್ಕಳನ್ನು ಕಂಡು ಅಲ್ಲಿಂದಲೇ ನಿಧಾನ ಮಾಡಿತ್ತು, ಡ್ರೈವರ್ ಹೋಗಿ ಎಂದು ಕೈ ಬೀಸುತ್ತಲೂ ಇದ್ದ. ನನ್ನ ಹೆಂಡತಿ ಅದನ್ನು ನಂಬಲಿಲ್ಲ. ಬಸ್ಸು ಪೂರ್ತಿ ನಿಲ್ಲುವವರೆಗೆ ಕೈ ಇಳಿಸಲಿಲ್ಲ. ನಿಂತ ಮೇಲೂ ಅದಕ್ಕೆ ಬೆನ್ನು ಹಾಕಲಿಲ್ಲ. ಚಪ್ಪಲಿ ಸಿಕ್ಕಿತು. ಕೊನೆಯ ಮಗು ಮೋರಿಯ ಮೇಲೆ ಕಾಲಿಟ್ಟಿತು. ಆಮೇಲೆ ಬಸ್ಸಿನ ಮೇಲಿಟ್ಟ ಕಣ್ಣು ತೆಗೆಯದೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಅವಳು ದಾಟಿದಳು.

ಯಾರು ಏನು ಹೇಳಿದರೂ ನಂಬುವವಳು ಎಂದು ನಾನು ಇಷ್ಟು ವರ್ಷ ತಮಾಷೆ ಮಾಡಿದ ಹೆಂಗಸು ಅವಳು. ಸಕ್ಕರೆ ತಕ್ಕಡಿಯಿಂದ ಚೆಲ್ಲಿ ಹೋಗುತ್ತಿತ್ತು, ಗಿರಾಕಿ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ, “ದಿನಾ ಹೀಗೆಯಾ?”

“ಎಂತ?”

“ನೀನು ದಾಟಿಸುವುದು.”

ಅವಳು ನನ್ನ ತಟ್ಟೆಗೆ ಮೀನಿನ ಸಾರು ಹಾಕಿದಳು.

“ಇಲ್ಲ,” ಎಂದಳು. “ಇವತ್ತು ಸುಲಭ ಇತ್ತು.”